ಸೇರು, ಪಾವು, ಕಿಲೋ: ಅಕ್ಕಿ ಅಳೆದ ಚರಿತ್ರೆ

ಅಂಗಡಿಯಲ್ಲಿ ನಾವು ಅಕ್ಕಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅದೇ ಅಕ್ಕಿಯನ್ನು ಮನೆಯಲ್ಲಿ ಪಾವಿನಿಂದಲೋ ಲೋಟದಿಂದಲೋ ಅಳೆದು ಎಸರಿಗೆ ಹಾಕುತ್ತೇವೆ. ಮೊದಲನೆಯದು ತೂಕ, ಎರಡನೆಯದು ಅಳತೆ. ಒಂದೇ ಧಾನ್ಯಕ್ಕೆ ಈ ಎರಡು ಲೆಕ್ಕ ಏಕೆ?

ಕೋಲಾರ ಜಿಲ್ಲೆಯ ಬೇತಮಂಗಲದಿಂದ ಆರಂಭಿಸೋಣ. ವಿಜಯಾದಿತ್ಯಮಂಗಲವೆಂಬ ಪ್ರಾಚೀನ ಹೆಸರಿನ ಈ ಊರು ಪಾಲಾರ್ ನದಿಯ ದೊಡ್ಡ ಕೆರೆಗೆ ಹೆಸರಾದುದು. ಕೆರೆ ಇದ್ದಲ್ಲಿ ಗದ್ದೆ, ಗದ್ದೆ ಇದ್ದಲ್ಲಿ ಬತ್ತ, ಬತ್ತ ಇದ್ದಲ್ಲಿ ಕೊಳಗ. ಕನ್ನಡ ಶಾಸನಗಳಲ್ಲಿ ದಾನಕೊಟ್ಟ ಗದ್ದೆಯನ್ನೂ ಖಂಡುಗದ ಲೆಕ್ಕದಲ್ಲಿ ಹೇಳುವುದುಂಟು. ಅಷ್ಟು ಬೀಜ ಹಿಡಿಯುವ ನೆಲ ಎಂದು ಅದರ ಅರ್ಥ. 4 ಪಾವಿಗೆ 1 ಸೇರು, 20 ಕೊಳಗಕ್ಕೆ 1 ಖಂಡುಗ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ಕಣದಲ್ಲಿ ರಾಶಿ ಅಳೆಯಲು ತಕ್ಕಡಿ ಬೇಕಿರಲಿಲ್ಲ. ಒಂದು ಪಾತ್ರೆ ಇದ್ದರೆ ಸಾಕಿತ್ತು.

ತೊಡಕು ಇದ್ದದ್ದು ಸೇರಿನಲ್ಲಿ. ಅದು ತೂಕದ ಹೆಸರೂ ಹೌದು, ಅಳತೆಯ ಹೆಸರೂ ಹೌದು. ಹಳೆಯ ಮೈಸೂರಿನಲ್ಲಿ ಕಚ್ಚಾ ಸೇರು ಎಂದರೆ 24 ರೂಪಾಯಿ ನಾಣ್ಯಗಳ ತೂಕ. ಪಕ್ಕಾ ಸೇರು ಎಂದರೆ 84 ರೂಪಾಯಿ ತೂಕದ ಧಾನ್ಯ ಹಿಡಿಯುವ ಅಳತೆ. ಆಗಿನ ರೂಪಾಯಿ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ ತೂಗುತ್ತಿತ್ತು. ಈ ಲೆಕ್ಕದಲ್ಲಿ ಕಚ್ಚಾ ಸೇರು ಸುಮಾರು 280 ಗ್ರಾಂ, ಪಕ್ಕಾ ಸೇರು ಸುಮಾರು 980 ಗ್ರಾಂ. ಹೆಸರು ಒಂದೇ, ವ್ಯತ್ಯಾಸ ಮೂರೂವರೆ ಪಟ್ಟು!

1880ರ ದಶಕದಲ್ಲಿ ಬೇತಮಂಗಲದ ನೆರೆಯಲ್ಲೇ ಕೋಲಾರದ ಚಿನ್ನದ ಗಣಿಗಳು ಬೆಳೆದವು. ಗಣಿ ಊರಿಗೆ ಕುಡಿಯುವ ನೀರು ಹೋದದ್ದು ಬೇತಮಂಗಲದಿಂದ. ತಮಿಳು ಜಿಲ್ಲೆಗಳಿಂದ ಬಂದ ಕೂಲಿಕಾರರು ತಮ್ಮೊಡನೆ 'ಪಡಿ'ಯ ಲೆಕ್ಕವನ್ನೂ ತಂದರು. ಗಣಿಯ ಚಿನ್ನಕ್ಕೆ ಸೂಕ್ಷ್ಮ ತಕ್ಕಡಿ. ಗಣಿಗೆ ಇಳಿಯುವವನ ಅಕ್ಕಿಗೆ ಪಾತ್ರೆ. ಪಾತ್ರೆಯನ್ನು ಅಲುಗಿಸಿ ತುಂಬಿದರೆ ಅಕ್ಕಿ ಹೆಚ್ಚು ಹಿಡಿಯುತ್ತದೆ, ಸಡಿಲವಾಗಿ ಸುರಿದರೆ ಕಡಿಮೆ. ಗೋಪುರದಂತೆ ತಲೆ ತುಂಬಿದರೆ ಒಂದು ಲೆಕ್ಕ, ಅಂಚಿಗೆ ಸಮನಾಗಿ ಒರೆಸಿದರೆ ಇನ್ನೊಂದು. ಅಳೆಯುವವನ ಕೈ ಬಿಗಿಯಾದರೆ ನಷ್ಟ ದಿನಗೂಲಿಯವನಿಗೆ. ಅಂದಿನ ಊಟದಲ್ಲೇ ಒಂದು ಹಿಡಿ ಕಡಿಮೆ.

ಸ್ವಾತಂತ್ರ್ಯಾನಂತರ ಈ ಗೊಂದಲ ನೀಗಲು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಯಾಗಿ, 1962ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಕಡ್ಡಾಯವಾದವು. ಅಕ್ಕಿಯ ವ್ಯಾಪಾರ ಕಿಲೋಗೆ ಬಂದಿತು. ಇಂದು ಪಡಿತರದ ಅಕ್ಕಿಯೂ ಕಿಲೋ ಲೆಕ್ಕದಲ್ಲೇ ಸಿಗುತ್ತದೆ.

ಆದರೂ ಪಾವು ಅಡುಗೆಮನೆ ಬಿಡಲಿಲ್ಲ. ಕಾರಣ ಸರಳ. ಅನ್ನಕ್ಕೆ ಬೇಕಾದದ್ದು ಅಕ್ಕಿ ಮತ್ತು ನೀರಿನ ಪ್ರಮಾಣ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಎಂದರೆ ಪಾತ್ರೆ ಚಿಕ್ಕದಿರಲಿ, ದೊಡ್ಡದಿರಲಿ, ಲೆಕ್ಕ ಕೆಡುವುದಿಲ್ಲ. ತೂಕ ಬೇಕಾಗುವುದು ಕೊಳ್ಳುವಾಗ, ಹಂಚುವಾಗ, ಮದುವೆಯ ಅಡುಗೆಗೆ ಸಾಮಾನಿನ ಪಟ್ಟಿ ಬರೆಯುವಾಗ. ಆಗ ಅಳತೆಯನ್ನು ತೂಕಕ್ಕೆ ತಿರುಗಿಸಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ಕಾಳುಗಳ ನಡುವೆ ಗಾಳಿ ಇರುವುದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಕಾಲು ಲೀಟರ್ ಹಿಡಿಯುವ ಲೋಟದ ಅಕ್ಕಿ ಸುಮಾರು 200 ಗ್ರಾಂ. ಅಂಥ ಐದು ಲೋಟಕ್ಕೆ ಒಂದು ಕಿಲೋ. ಅವಲಕ್ಕಿಗೆ, ಪುರಿಗೆ ಈ ಲೆಕ್ಕ ಸಲ್ಲದು. ಅವು ಬಹಳ ಹಗುರ.

ನಿಮ್ಮ ಮನೆಯಲ್ಲಿ ಹಳೆಯ ಪಾವು ಇದ್ದರೆ ಅದಕ್ಕೆ ಅಕ್ಕಿ ತುಂಬಿ, ಅಂಚಿಗೆ ಒರೆಸಿ, ತೂಗಿ ನೋಡಿ. ಇನ್ನೊಮ್ಮೆ ತಲೆ ತುಂಬಿ ತೂಗಿ. ಎರಡು ತೂಕಗಳ ಅಂತರವನ್ನು ಬರೆದಿಟ್ಟುಕೊಳ್ಳಿ. ಹಿಂದೆ ಸಂತೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಜಗಳ ನಡೆದದ್ದು ಅಷ್ಟು ಅಕ್ಕಿಗಾಗಿಯೇ.