ರೂಪಾಯಿ ಗುರುತು ಬರೆದ ವಿದ್ಯಾರ್ಥಿ

ಫೋನ್‌ನಲ್ಲಿ ಯಾರಿಗಾದರೂ ದುಡ್ಡು ಕಳಿಸುವಾಗ ಅಂಕಿಯ ಮುಂದೆ ₹ ಗುರುತು ಕಾಣುತ್ತದೆ. ಜೇಬಿನ ನೋಟಿನ ಮೇಲೂ, ನಾಣ್ಯದ ಮೇಲೂ ಅದೇ ಇದೆ. ಈಗಿನ ಮಕ್ಕಳಿಗೆ ಇದು ಅಜ್ಜನ ಕಾಲದಿಂದ ಬಂದದ್ದು ಅನ್ನಿಸಬಹುದು. ಆದರೆ ಇದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2010ರ ಜುಲೈ 15ರಂದು. ಅದಕ್ಕೂ ಮೊದಲು ನಾವು ಕನ್ನಡದಲ್ಲಿ ‘ರೂ.’ ಎಂದು ಬರೆಯುತ್ತಿದ್ದೆವು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ‘ಆರ್‌ಎಸ್’ ನಮ್ಮದೊಂದೇ ಅಲ್ಲ, ಪಾಕಿಸ್ತಾನ, ನೇಪಾಳ, ಶ್ರೀಲಂಕಾದ ರೂಪಾಯಿಗೂ ಅದೇ ಇತ್ತು.

ಈ ಗುರುತನ್ನು ರೂಪಿಸಿದವರು ಡಿ. ಉದಯ ಕುಮಾರ್. ತಮಿಳುನಾಡಿನವರು. ಸ್ಪರ್ಧೆಗೆ ಅರ್ಜಿ ಹಾಕಿದಾಗ ಅವರಿನ್ನೂ ವಿದ್ಯಾರ್ಥಿ. ಗುರುತಿನ ಕಥೆ ಬಹಳ ಜನರಿಗೆ ಗೊತ್ತು. ಅದಕ್ಕಿಂತ ಮೊದಲು ಅವರು ಓದಿದ ಓದಿನ ಕಥೆ ಅಷ್ಟಾಗಿ ಗೊತ್ತಿಲ್ಲ. ಗ್ರಾಫಿಕ್ ಡಿಸೈನ್ ಕಲಿಯಬೇಕು ಎನ್ನುವ ನಮ್ಮೂರಿನ ಹುಡುಗ ಹುಡುಗಿಯರು ತಿಳಿಯಬೇಕಾದದ್ದು ಆ ಎರಡನೆಯದು.

ಉದಯ ಕುಮಾರ್ ಮೊದಲು ಓದಿದ್ದು ಕಟ್ಟಡ ವಿನ್ಯಾಸ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಪದವಿ ಮುಗಿಸಿದರು. ಆಮೇಲೆ ದಾರಿ ಬದಲಿಸಿ ಮುಂಬೈ ಐಐಟಿಗೆ ಬಂದರು. ಅಲ್ಲಿ 1969ರಲ್ಲೇ ಶುರುವಾದ ಐಡಿಸಿ ಎಂಬ ವಿನ್ಯಾಸ ವಿಭಾಗವಿದೆ. ಚಿತ್ರ, ಅಕ್ಷರ, ಬಣ್ಣದ ಮೂಲಕ ವಿಷಯ ತಿಳಿಸುವ ‘ವಿಷುಯಲ್ ಕಮ್ಯುನಿಕೇಶನ್’ ಅಲ್ಲಿನ ಒಂದು ಕೋರ್ಸ್. 2003ರಲ್ಲಿ ಅದರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಮುಂಬೈಗೆ ಹೋದರೂ ಅವರು ಕೈಗೆತ್ತಿಕೊಂಡದ್ದು ತಮ್ಮ ಮನೆಮಾತಿನ ಅಕ್ಷರಗಳನ್ನು. ವಿದ್ಯಾರ್ಥಿಯಾಗಿದ್ದಾಗಲೇ ಒಂದು ತಮಿಳು ಫಾಂಟ್ ಮಾಡಿದರು. ಪಿಎಚ್‌ಡಿಗೂ ತಮಿಳು ಅಕ್ಷರ ವಿನ್ಯಾಸವನ್ನೇ ಆರಿಸಿಕೊಂಡರು. ಹೀಗೆ ಸಂಶೋಧನೆಯಲ್ಲಿ ಮುಳುಗಿದ್ದಾಗ, 2009ರ ಮಾರ್ಚ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ರೂಪಾಯಿಗೆ ಗುರುತು ಬೇಕೆಂದು ಸ್ಪರ್ಧೆ ಕರೆಯಿತು. ದೇಶದ ನಾಗರಿಕರು ಯಾರು ಬೇಕಾದರೂ ಭಾಗವಹಿಸಬಹುದಿತ್ತು. ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಕೊನೆಗೆ ಐದು ಉಳಿದವು. ಅದರಲ್ಲಿ ಆಯ್ಕೆಯಾದದ್ದು ಉದಯ ಕುಮಾರ್ ಅವರದು. ಬಹುಮಾನ ಎರಡೂವರೆ ಲಕ್ಷ ರೂಪಾಯಿ.

ಅವರು ಏನು ಮಾಡಿದ್ದರು? ದೇವನಾಗರಿಯ ‘ರ’ ಅಕ್ಷರವನ್ನೂ ಇಂಗ್ಲಿಷಿನ ‘ಆರ್’ ಅಕ್ಷರವನ್ನೂ ಒಂದರಲ್ಲಿ ಸೇರಿಸಿದರು. ‘ಆರ್’ನ ಎಡಗಡೆಯ ನೆಟ್ಟಗಿನ ಕಂಬ ತೆಗೆದರು. ಮೇಲೆ ಅಡ್ಡಕ್ಕೆ ಎರಡು ಗೆರೆ ಎಳೆದರು. ಹಿಂದಿ ಅಕ್ಷರಗಳು ಮೇಲಿನ ಒಂದು ಗೆರೆಗೆ ಬಟ್ಟೆ ಒಣಹಾಕಿದ ಹಾಗೆ ನೇತಾಡುತ್ತವೆ, ಗಮನಿಸಿದ್ದೀರಲ್ಲ. ನಮ್ಮ ಕನ್ನಡದಲ್ಲಿ ಆ ಉದ್ದ ಗೆರೆ ಇಲ್ಲ, ಅಕ್ಷರಕ್ಕೊಂದು ತಲೆಕಟ್ಟು ಇದೆ. ಉದಯ ಕುಮಾರ್ ಆ ತಲೆಗೆರೆಯನ್ನು ಉಳಿಸಿಕೊಂಡರು. ಎರಡು ಗೆರೆ, ನಡುವಿನ ಖಾಲಿ ಜಾಗ ಸೇರಿ ತ್ರಿವರ್ಣ ಧ್ವಜವನ್ನು ನೆನಪಿಸುತ್ತದೆ ಎಂಬುದು ಅವರ ವಿವರಣೆ.

ನೋಡಲು ಇದು ನಾಲ್ಕು ಗೆರೆಯ ಕೆಲಸ. ಆದರೆ ಇಂಥ ಗುರುತು ನಾಣ್ಯದ ಮೇಲೆ ಸಾಸಿವೆಯಷ್ಟಾದರೂ ಕಾಣಬೇಕು. ಬಣ್ಣವಿಲ್ಲದೆಯೂ ಅರ್ಥವಾಗಬೇಕು. ಅಂಕಿಯ ಪಕ್ಕ ನಿಂತಾಗ ಎದ್ದೂ ಕುಣಿಯಬಾರದು, ಅಡಗಿಯೂ ಕೂರಬಾರದು. ಶಾಲೆಯ ಮಗು ಪೆನ್ಸಿಲ್‌ನಲ್ಲಿ ಬರೆಯುವಂತಿರಬೇಕು. ಏನು ಸೇರಿಸಬೇಕು ಎನ್ನುವುದಕ್ಕಿಂತ ಏನು ತೆಗೆಯಬೇಕು ಎಂದು ಗೊತ್ತಾಗುವುದು ವರ್ಷಗಟ್ಟಲೆ ಅಕ್ಷರ ನೋಡಿದ ಕಣ್ಣಿಗೆ.

ಗುರುತು ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಆಯ್ಕೆ ಮಾಡಿದ ವಿಧಾನ ಸರಿಯಿಲ್ಲ ಎಂದು ಆಕ್ಷೇಪ ಎದ್ದು, ವಿಷಯ ದೆಹಲಿ ಹೈಕೋರ್ಟ್‌ವರೆಗೂ ಹೋಯಿತು. ಕಂಪ್ಯೂಟರ್‌ನ ಕೀಲಿಮಣೆಯಲ್ಲೂ ಅದಕ್ಕೆ ಜಾಗ ಇರಲಿಲ್ಲ. ಆಗ ಮಂಗಳೂರಿನ ಫೊರೇಡಿಯನ್ ಎಂಬ ಸಣ್ಣ ಕಂಪನಿ ಕೆಲವೇ ದಿನಗಳಲ್ಲಿ ಒಂದು ಫಾಂಟ್ ಮಾಡಿ ಉಚಿತವಾಗಿ ಹಂಚಿತು. ಟ್ಯಾಬ್ ಮೇಲಿನ ಕೀಲಿ ಒತ್ತಿದರೆ ರೂಪಾಯಿ ಗುರುತು ಬರುತ್ತಿತ್ತು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬೇರೆಯೇ ಚಿಹ್ನೆ ಕಾಣುತ್ತಿತ್ತು. ಹಳೆಯ ನುಡಿ ಫೈಲು ತೆರೆದು ಪೇಚಾಡಿದ ಡಿಟಿಪಿಯವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. 2010ರ ಅಕ್ಟೋಬರ್‌ನಲ್ಲಿ ಯೂನಿಕೋಡ್ ಈ ಗುರುತಿಗೆ ಸ್ವಂತ ಸಂಖ್ಯೆ ಕೊಟ್ಟಿತು. 2011ರಲ್ಲಿ ವಿಂಡೋಸ್‌ಗೂ ಬಂತು, ನಾಣ್ಯಗಳ ಮೇಲೂ ಬಂತು. ಅಷ್ಟರಲ್ಲಿ ಉದಯ ಕುಮಾರ್ ಪಿಎಚ್‌ಡಿ ಮುಗಿಸಿ ಗುವಾಹಟಿ ಐಐಟಿಯಲ್ಲಿ ಮೇಷ್ಟರಾಗಿದ್ದರು.

ಈಗ ನಮ್ಮ ಕಡೆಗೆ ಬರೋಣ. ತಾಲ್ಲೂಕು ಕೇಂದ್ರಗಳಲ್ಲಿ ‘ಮೂರು ತಿಂಗಳಲ್ಲಿ ಗ್ರಾಫಿಕ್ ಡಿಸೈನರ್ ಆಗಿ’ ಎಂಬ ಬೋರ್ಡ್ ಕಾಣುತ್ತದೆ. ಅಲ್ಲಿ ಕಲಿಸುವುದು ಸಾಫ್ಟ್‌ವೇರ್. ಅದು ಬೇಡ ಎಂದಲ್ಲ, ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಸಿಗುತ್ತದೆ, ಮನೆಗೆ ನಾಲ್ಕು ಕಾಸು ಬರುತ್ತದೆ. ಆದರೆ ಸಾಫ್ಟ್‌ವೇರ್ ವರ್ಷ ವರ್ಷ ಬದಲಾಗುತ್ತದೆ. ಅಕ್ಷರ ನೋಡುವ ಕಣ್ಣು ಒಮ್ಮೆ ಬಂದರೆ ಹೋಗುವುದಿಲ್ಲ. ಒತ್ತಕ್ಷರ ಮೇಲಿನ ಅಕ್ಷರಕ್ಕೆ ಮೆತ್ತಿಕೊಂಡ, ದೀರ್ಘ ಕಳಚಿಬಿದ್ದ ಎಷ್ಟು ಬ್ಯಾನರ್ ನಮ್ಮ ಬಸ್‌ಸ್ಟ್ಯಾಂಡ್‌ಗಳಲ್ಲಿವೆ! ಅದು ಸರಿ ಕಾಣುತ್ತಿಲ್ಲ ಎಂದು ಮೊದಲು ಹೊಳೆಯುವುದು ಕನ್ನಡ ಓದಿ ಬೆಳೆದವರಿಗೇ.

ದಾರಿ ಸುಲಭವಿಲ್ಲ. ಐಐಟಿಗಳ ವಿನ್ಯಾಸ ಪದವಿಗೆ ಯುಸೀಡ್ ಎಂಬ ಪರೀಕ್ಷೆ ಇದೆ, 2015ರಿಂದ ನಡೆಯುತ್ತಿದೆ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ಓದಿದ್ದರೂ ಬರೆಯಬಹುದು. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದೇ ಮೊದಲ ಗೋಡೆ. ಕೈಯಲ್ಲಿ ಕಲೆ ಇದ್ದೂ ಬಾಗಿಲಲ್ಲೇ ನಿಲ್ಲುವವರು ಇರುತ್ತಾರೆ. ಈ ಬಗ್ಗೆ ನಾವು ಕೇಳಬೇಕು, ಕೇಳುತ್ತಲೇ ಇರಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಮ್ಮ ರಾಜ್ಯದಲ್ಲೇ ಇವೆ. ಆ ದಾರಿಯನ್ನೂ ವಿಚಾರಿಸಿ.

ಮನೆಮಾತು ಹಿಂದುಳಿಸುತ್ತದೆ ಎಂದು ಯಾರಾದರೂ ನಿಮ್ಮ ಮಕ್ಕಳಿಗೆ ಹೇಳಿದರೆ ಉದಯ ಕುಮಾರ್ ಅವರ ಓದನ್ನು ನೆನಪಿಸಿ. ಇಡೀ ದೇಶದ ಹಣಕ್ಕೆ ಗುರುತು ಕೊಟ್ಟವರು ತಮ್ಮ ಭಾಷೆಯ ಅಕ್ಷರಗಳ ಮುಂದೆ ವರ್ಷಗಟ್ಟಲೆ ಕೂತು ಕಲಿತವರು.