ಸಂಬಳದ ಊರಿನ ನಗೆ

ಕನ್ನಡದ ನಗೆನಟರೆಲ್ಲ ಕಂಪನಿ ನಾಟಕದ ಕೂಸುಗಳು ಎಂಬ ಮಾತು ಮೊದಲ ತಲೆಮಾರಿನ ಮಟ್ಟಿಗೆ ನಿಜ. 1954ರ ‘ಬೇಡರ ಕಣ್ಣಪ್ಪ’ದ ನರಸಿಂಹರಾಜು ಚಿಕ್ಕಂದಿನಲ್ಲೇ ನಾಟಕದ ಕಂಪನಿ ಸೇರಿದವರು, ಬಾಲಕೃಷ್ಣ ಅವರೂ ರಂಗಭೂಮಿಯಿಂದಲೇ ಬಂದವರು. ಎಂಬತ್ತರ ದಶಕದ ಹೊತ್ತಿಗೆ ಇನ್ನೊಂದು ದಾರಿ ತೆರೆದಿತ್ತು. ದೊಡ್ಡಣ್ಣ ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ ನಾಟಕ ಆಡಿದವರು. ಚಂದ್ರು ಅವರಿಗೆ ‘ಮುಖ್ಯಮಂತ್ರಿ’ ಎಂಬ ಹೆಸರು ಅಂಟಿದ್ದು ಬೆಂಗಳೂರಿನ ಹವ್ಯಾಸಿ ತಂಡ ಕಲಾಗಂಗೋತ್ರಿಯ ನಾಟಕದಿಂದ. ಹಳೆಯ ಚಿತ್ರಗಳಲ್ಲಿ ನಗಿಸುವವನು ಹೆಚ್ಚಾಗಿ ನಾಯಕನ ಗೆಳೆಯ, ಇಲ್ಲವೇ ಆಳು. ಕಥೆಯ ಮಗ್ಗುಲಲ್ಲಿ ನಿಂತವನು. ಹೊಸಬರು ಬಂದಮೇಲೆ ಮನೆಯ ಯಜಮಾನನೇ ನಗೆಪಾಟಲಿಗೀಡಾದ. ಕುಟುಂಬದ ಹಾಸ್ಯಚಿತ್ರಕ್ಕೆ ಬೇಕಿದ್ದದ್ದೂ ಅದೇ.

1990ರ ‘ಗಣೇಶನ ಮದುವೆ’ಯನ್ನೇ ನೋಡಿ. ವಠಾರದ ಮಾಲೀಕ ಚಂದ್ರು, ಬಾಡಿಗೆದಾರ ಅನಂತನಾಗ್. ಮಾಲೀಕನ ಮಗಳು ಆದಿಲಕ್ಷ್ಮಿಯೊಡನೆ ಅವನದ್ದು ದಿನಾ ಜಗಳ. ಅವನು ಮನಸೋತದ್ದು ‘ಶ್ರುತಿ’ ಎಂಬ ಗಾಯಕಿಗೆ; ಇಬ್ಬರೂ ಒಬ್ಬಳೇ. ಗುಟ್ಟು ಒಡೆದಾಗ ಹುಡುಗಿ ಬದಲಾಗಬೇಕಿಲ್ಲ, ನೋಡುವವರ ಕಣ್ಣು ಬದಲಾಗಬೇಕು. ಚಿತ್ರದ ಮೂಲ ತೆಲುಗು ಕಾದಂಬರಿ, ಅದಕ್ಕೂ ಭದ್ರಾವತಿಗೂ ಏನು ನಂಟು ಎಂದು ಕೇಳಬಹುದು. ಕಥೆ ಎಲ್ಲಿಂದಲೂ ಬರಬಹುದು. ಅದನ್ನು ನಂಬುವಂತೆ ಆಡಲು ವಠಾರದ ಬದುಕು ಗೊತ್ತಿರಬೇಕು. ಅಂಥ ಬದುಕು ಭದ್ರಾವತಿಯಲ್ಲಿತ್ತು. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿಗೆ 1923ರಲ್ಲಿ ಕಬ್ಬಿಣದ ಕಾರ್ಖಾನೆ, ಮೂವತ್ತರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದವು. ಕೆಮ್ಮಣ್ಣುಗುಂಡಿಯ ಅದಿರಿನಂತೆ ಜನರೂ ಹೊರಗಿನಿಂದ ಬಂದರು. ತಮಿಳು, ತೆಲುಗಿನವರೂ ಕನ್ನಡಿಗರೂ ಕ್ವಾರ್ಟರ್ಸ್‌ಗಳಲ್ಲಿ ನೆರೆಯವರಾದರು. ನೆಂಟಸ್ತನವಿಲ್ಲದವರೊಡನೆ ಹೊಂದಿಕೊಳ್ಳುವುದು ಅಲ್ಲಿ ನಿತ್ಯದ ಕೆಲಸ.

ದೊಡ್ಡಣ್ಣ ಎಂಬ ಒಬ್ಬ ನಟನಿಂದ ಊರಿನ ಪರಂಪರೆ ಸಾಬೀತಾಗದು, ನಿಜ. ವಠಾರದ ಹಾಸ್ಯ ಜಾತಿ, ಧರ್ಮದ ಗೆರೆ ದಾಟಿದ್ದು ಕಡಿಮೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮಲೆನಾಡಿನ ಲೇಖಕ ತೇಜಸ್ವಿಯವರ ಕಥೆಯನ್ನು ಆಧರಿಸಿದ 2023ರ ‘ಡೇರ್‌ಡೆವಿಲ್ ಮುಸ್ತಫಾ’ ಧರ್ಮದ ಗೆರೆಯನ್ನೇ ನಗೆಯ ವಸ್ತುವಾಗಿಸಿತು; ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿಯ ಓದುಗರು. ಆದರೆ ವಠಾರದ ನಗೆಗೆ ನಟರನ್ನು ಕೊಟ್ಟ ವ್ಯವಸ್ಥೆ ತಿಂಗಳ ಸಂಬಳವೂ ಸಂಜೆಯ ತಾಲೀಮೂ ಸೇರಿದ್ದು. ಪಕ್ಕದ ಶಿವಮೊಗ್ಗದಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣವಿದೆ. ಅಲ್ಲಿ ನಟನೆಯೇ ಕಸುಬು. ಬೇರೆ ಕಸುಬು ಮಾಡುತ್ತಲೇ ನಟನಾಗುವ ಅವಕಾಶ ಬೇರೆ. ಭದ್ರಾವತಿಯ ಕಾರ್ಖಾನೆಗಳು ಸೊರಗಿದ ಲೆಕ್ಕ ಬರೆಯುವಾಗ ಉಕ್ಕು, ಕಾಗದಗಳ ಜೊತೆ ಈ ಅವಕಾಶವನ್ನೂ ನಷ್ಟದ ಪುಟಕ್ಕೆ ಸೇರಿಸಬೇಕು.