ಲಾಭಕ್ಕಿಂತ ಮೊದಲು ಹೊಣೆ: ಕಣಗಿನಹಾಳ ಕಲಿಸುವ ಪಾಠ

ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ಅದನ್ನು ಕಾನೂನಿನ ಚೌಕಟ್ಟಿಗೆ ತಂದಿತು. 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೆ 1000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಶಿಕ್ಷಣ, ಆರೋಗ್ಯ, ಪರಿಸರ ಮುಂತಾದ ಕಾರ್ಯಗಳಿಗೆ ವ್ಯಯಿಸಬೇಕು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂಥ ಕಂಪನಿಗಳಲ್ಲಿದ್ದೀರಿ. ಇನ್ನು ಕೆಲವರು ರೋಣ, ನರಗುಂದ, ಗಜೇಂದ್ರಗಡಗಳಲ್ಲೇ ಅಂಗಡಿ, ಮಗ್ಗ, ಹತ್ತಿ ವ್ಯಾಪಾರ ನಡೆಸುತ್ತಿದ್ದೀರಿ. ವ್ಯಾಪಾರಕ್ಕೂ ಊರಿಗೂ ಇರುವ ಈ ನಂಟಿಗೆ ನಮ್ಮ ನೆರೆಹೊರೆಯಲ್ಲೇ ದೀರ್ಘವಾದ ಇತಿಹಾಸವಿದೆ. ಅದನ್ನು ನಿಮಗೆ ನೆನಪಿಸುವುದು ಈ ಬರಹದ ಉದ್ದೇಶ.

ಗಜೇಂದ್ರಗಡದ ಸಮೀಪದ ಸೂಡಿಯನ್ನು ನೀವೆಲ್ಲ ಬಲ್ಲಿರಿ. ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿಯ ಹೆಸರಿನೊಡನೆ ಬೆಸೆದ ಊರದು. ಅಲ್ಲಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆಕೆ ಕಟ್ಟುಪಾಡುಗಳನ್ನು ನವೀಕರಿಸಿಕೊಟ್ಟ ಸಂಗತಿಯನ್ನು 11ನೆಯ ಶತಮಾನದ ಶಾಸನವೊಂದು ದಾಖಲಿಸಿದೆ. ವರ್ತಕನನ್ನೂ ಗೃಹಸ್ಥನನ್ನೂ ಒಂದೇ ಕಟ್ಟಳೆಗೆ ಒಳಪಡಿಸಿದ ಈ ವ್ಯವಸ್ಥೆ ಗಮನಾರ್ಹವಾದುದು.

ಆದರೆ ನಾನು ವಿಸ್ತಾರವಾಗಿ ಹೇಳಬೇಕೆಂದಿರುವುದು ಗದಗ ತಾಲ್ಲೂಕಿನ ಕಣಗಿನಹಾಳದ ಕಥೆ. 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರವು ಅಖಂಡ ಧಾರವಾಡ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿತು. ಬೆಳೆ ಬಾರದಿದ್ದರೂ ಕಂದಾಯ ತಪ್ಪಲಿಲ್ಲ. ಕಂದಾಯಕ್ಕೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿಗೆ ಹೊಲ ಎಂಬಂತಾಯಿತು. ಇದಕ್ಕೂ ಮುನ್ನ, 1875ರಲ್ಲೇ, ಪುಣೆ ಮತ್ತು ಅಹಮದನಗರ ಭಾಗದ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಜರ್ಮನಿಯಲ್ಲಿ ರೈಫೈಸನ್ ಎಂಬಾತನು ಹಳ್ಳಿಗರಿಗಾಗಿ ಕಟ್ಟಿದ ಪತ್ತಿನ ಸಂಘಗಳನ್ನು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್‌ಸನ್ ಅಭ್ಯಸಿಸಿ ವರದಿ ಬರೆದನು. ಕೊನೆಗೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತು.

ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕೆ ಸಂದಿದೆ. 1843ರಲ್ಲಿ ಜನಿಸಿದ ಪಾಟೀಲರಿಗೆ ಆಗ ಅರವತ್ತು ದಾಟಿತ್ತು. ಮನೆಯ ಜಗುಲಿಯ ಮೇಲೆ ವಿಶ್ರಾಂತಿ ಪಡೆಯಬಹುದಾದ ವಯಸ್ಸಿನಲ್ಲಿ ಅವರು ಊರ ಸಾಲದ ಭಾರಕ್ಕೆ ಹೆಗಲು ಕೊಟ್ಟರು.

ಆ ಕಾಯ್ದೆಯ ನಿಯಮಗಳನ್ನು ಇಂದಿನ ವ್ಯಾಪಾರಸ್ಥರು ಒಮ್ಮೆ ಓದಬೇಕು. ಕನಿಷ್ಠ ಹತ್ತು ಜನ ಸೇರಿ ಸಂಘ ಕಟ್ಟಬಹುದಿತ್ತು. ಗ್ರಾಮೀಣ ಸಂಘದ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಎಂದರೆ ಸಂಘ ಮುಳುಗಿದರೆ ಪ್ರತಿಯೊಬ್ಬನ ಆಸ್ತಿಗೂ ಕುತ್ತು. ಆದ್ದರಿಂದ ನೆರೆಯವನು ಸಾಲವನ್ನು ಎತ್ತು ಕೊಳ್ಳಲು ಕೇಳುತ್ತಿದ್ದಾನೋ ಮದುವೆಯ ಆಡಂಬರಕ್ಕೋ ಎಂದು ವಿಚಾರಿಸುವುದು ಎಲ್ಲರ ಕೆಲಸವಾಯಿತು. ಲಾಭ ಬಂದರೆ ಅದನ್ನು ಕೂಡಲೇ ಹಂಚಿಕೊಳ್ಳುವಂತಿರಲಿಲ್ಲ, ಮೀಸಲು ನಿಧಿಗೆ ಸೇರಿಸಬೇಕಿತ್ತು. ಬರಗಾಲವನ್ನು ಕಂಡುಂಡವರ ನಾಡಿಗೆ ಇದು ಹಗೇವಿನಲ್ಲಿ ಜೋಳ ತುಂಬಿಡುವ ವಿವೇಕವೇ ಆಗಿತ್ತು. ಸುಸ್ಥಿರತೆ ಎಂದು ನಾವಿಂದು ಕರೆಯುವುದು ಇದನ್ನೇ.

1912ರಲ್ಲಿ ಈ ಕಾಯ್ದೆ ಪರಿಷ್ಕೃತವಾದಾಗ ಇನ್ನೊಂದು ಅಂಶ ಸೇರಿತು. ಸಂಘವು ನಿವ್ವಳ ಲಾಭದ ಕಾಲುಭಾಗವನ್ನು ಮೀಸಲು ನಿಧಿಗೆ ಸೇರಿಸಿದ ಮೇಲೆ, ಉಳಿದುದರಲ್ಲಿ ಶೇಕಡಾ 10ರವರೆಗೆ ಶಿಕ್ಷಣ, ವೈದ್ಯಕೀಯ ನೆರವು ಮುಂತಾದ ಧರ್ಮಕಾರ್ಯಗಳಿಗೆ ರಿಜಿಸ್ಟ್ರಾರರ ಒಪ್ಪಿಗೆಯೊಡನೆ ಕೊಡಬಹುದಾಗಿತ್ತು. ಶೇಕಡಾ 2ರ ಕಾನೂನು ಬರುವುದಕ್ಕೆ ಸರಿಯಾಗಿ ನೂರಾ ಒಂದು ವರ್ಷ ಮೊದಲಿನ ಮಾತಿದು. ಇಲ್ಲಿಯ ಕ್ರಮವನ್ನು ಗಮನಿಸಿರಿ: ಮೊದಲು ಪರಸ್ಪರ ಹೊಣೆ, ಬಳಿಕ ನಾಳೆಗಾಗಿ ಮೀಸಲು, ಕೊನೆಯಲ್ಲಿ ದಾನ. ಇಂದು ಈ ಕ್ರಮ ತಲೆಕೆಳಗಾಗುವ ಅಪಾಯವಿದೆ. ನದಿಯ ನೀರನ್ನು ಕೆಡಿಸಿ ದಂಡೆಯ ಶಾಲೆಗೆ ಬಣ್ಣ ಬಳಿಸಿದರೆ ಅದು ದಾನವಾದೀತು, ಹೊಣೆಗಾರಿಕೆಯಾಗದು.

ನಮ್ಮ ಜಿಲ್ಲೆಯ ರೈತರು ಈ ಭೇದವನ್ನು ಚೆನ್ನಾಗಿ ಬಲ್ಲರು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ, 2011ರಲ್ಲಿ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಎದ್ದು ನಿಂತರು. ಬಿತ್ತುವ ಭೂಮಿಯೇ ಹೋದ ಮೇಲೆ ಬರುವ ಪರಿಹಾರದಿಂದ ಪ್ರಯೋಜನವೇನು ಎಂಬುದು ಅವರ ಅಳಲಾಗಿತ್ತು. 2013ರಲ್ಲಿ ಕಂಪನಿ ಕರ್ನಾಟಕದ ಯೋಜನೆಯಿಂದ ಹಿಂದೆ ಸರಿಯಿತು. ಕಾರ್ಖಾನೆಗಳೇ ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ನಮ್ಮ ಮಕ್ಕಳಿಗೆ ಉದ್ಯೋಗ ಬೇಕು. ಆದರೆ ಊರಿನವರನ್ನು ಮೊದಲು ಕೇಳಿ ಹೆಜ್ಜೆಯಿಡುವುದು ಹೊಣೆಯ ಮೊದಲ ಲಕ್ಷಣ.

ಸಹಕಾರಿ ಸಂಘಗಳೂ ಎಲ್ಲೆಡೆ ಈ ಆದರ್ಶವನ್ನು ಉಳಿಸಿಕೊಳ್ಳಲಿಲ್ಲ. ಹಣ ಮೇಲಿನಿಂದ ಬರತೊಡಗಿದಂತೆ ಹಲವು ಕಡೆ ನೆರೆಯವನ ಸಾಲ ತನ್ನದೂ ಹೌದೆಂಬ ಭಾವ ಸಡಿಲಿತು, ಬಾಕಿ ಬೆಳೆಯಿತು, ಚುನಾವಣೆಯ ರಾಜಕೀಯ ಒಳಹೊಕ್ಕಿತು. ಹೊಣೆಯು ಕಾಗದದ ಮೇಲಷ್ಟೇ ಉಳಿದರೆ ಸಂಘಕ್ಕೂ ಕಂಪನಿಗೂ ಗತಿ ಒಂದೇ.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಕಂಪನಿಯಲ್ಲಿರುವವರು ಶೇಕಡಾ 2ರ ಲೆಕ್ಕ ಬರೆಯುವ ಮುನ್ನ ಉಳಿದ 98 ಹೇಗೆ ಬಂದಿತೆಂದು ಕೇಳಿರಿ. ಸೆಬಿಯು 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಂದ ನೀರು, ವಿದ್ಯುತ್ತು, ತ್ಯಾಜ್ಯ, ಕಾರ್ಮಿಕರ ವಿವರಗಳನ್ನು ಕೇಳುತ್ತಿರುವುದು ಒಳ್ಳೆಯ ಬೆಳವಣಿಗೆ. ಗಜೇಂದ್ರಗಡದ ಗುಡ್ಡಗಳ ಮೇಲೆ, ನಮ್ಮ ಜನ ‘ಫ್ಯಾನು’ ಎನ್ನುವ ಗಾಳಿಯಂತ್ರಗಳನ್ನು ನಡೆಸುವವರು ಗುಡ್ಡದ ಕೆಳಗಿನ ಊರುಗಳನ್ನು ಮರೆಯದಿರಲಿ. ಪಟ್ಟೇದ ಅಂಚಿನ ಸೀರೆ ಮಾರುವವನು ನೇಕಾರನ ಕೂಲಿಯನ್ನು ವಾಯಿದೆ ಹೇಳದೆ ಕೊಡಲಿ. ನರಗುಂದದಲ್ಲಿ ಗೊಬ್ಬರ ಮಾರುವವನು ಮಲಪ್ರಭೆಯ ನೀರುಂಡು ಸವುಳಾಗುತ್ತಿರುವ ಎರಿ ಹೊಲಕ್ಕೆ ಎಷ್ಟು ಬೇಕೋ ಅಷ್ಟನ್ನೇ ಹೇಳಿ ಮಾರಲಿ. ಇದಕ್ಕೆ ಯಾವ ಕಾನೂನಿನ ಒತ್ತಾಯವೂ ಬೇಕಿಲ್ಲ.

ಪಾಟೀಲರು 1933ರಲ್ಲಿ ತೀರಿಕೊಂಡರು. ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ಯುವಂತೆ ಕಣಗಿನಹಾಳಕ್ಕೂ ಒಮ್ಮೆ ಕರೆದೊಯ್ಯಿರಿ.